ಹೂವಿನ ಗುಡ್ಡದ ಬಳಸು ದಾರಿ

"ನಿಲ್ಲೀ...! ಅಲ್ಲೇ ನಿಲ್ಲೀ! ಒಂದು ಹೆಜ್ಜೆ ಮುಂದಿಟ್ರೆ ನೋಡಿ ಮತ್ತೆ!"

ಹೇಮಶ್ರೀಯ ಕೂಗಿಗೆ ಅವನು ಇದ್ದಲ್ಲೇ ಕಲ್ಲಾದ. ಇದ್ದಲ್ಲೇ ಎಂದರೆ ಕಣದ ಮೇಲೆ ಅಂಗಾತ ಬಿದ್ದಲ್ಲೇ! ಒಂದು ಕಾಲು ಸೈಕಲ್ಲಿನ ಕೆಳಗೆ, ತಲೆಯ ಮೇಲಿರಬೇಕಾದ ಹೆಲ್ಮೆಟ್ಟು ಮೂಗಿನ ಮೇಲೆ. ಒಂದು ಮಾರು ದೂರದಲ್ಲಿ ಆಗಷ್ಟೇ ತೂರಿ ಗುಡ್ಡೆ ಹಾಕಿದ ರಾಗಿಯ ರಾಶಿ.

ಮೇಲಿನ ಬೋರೆ ದಿಣ್ಣೆಯಿಂದ ಕಣ್ಣುಮುಚ್ಚಿ ಇಳಿದು ಬಂದವನಿಗೆ, ತಿರುವಿನಲ್ಲಿ ಹೇಮಶ್ರೀಯ ಅಪ್ಪ, ಪಾಳ್ಯದ ರಂಗಸ್ವಾಮಿಯವರ ಕಣ ಇದೆಯೆಂದು ಗೊತ್ತಿರಲಿಲ್ಲ ಪಾಪ.

"ಬಿದ್ದವನಿಗೆ ಪೆಟ್ಟಾಯ್ತಾ ಅಂತ ಕೇಳೋ ಪದ್ಧತಿ ನಿಮ್ಮೂರಲ್ಲಿ ಇಲ್ವೇನ್ರೀ?"

"ಐತೆ. ಆಮೇಲೆ ಕೇಳ್ತೀನಿ. ಮೊದ್ಲು ಶೂ ಬಿಚ್ಚಿ!"

"ಶೂ... ಯಾಕೆ?"

"ರಾಶಿ ಹಾಕಿರೋ ಕಣ ಇದು. ನಮ್ಮಪ್ಪನೇ ಇಲ್ಲಿಗೆ ಚಪ್ಪಲಿ ಮೆಟ್ಕೊಂಡು ಬರಲ್ಲ. ನೀವು ನೋಡಿದ್ರೆ ಸೈಕಲ್ ಸಮೇತ ಬಂದ್ಬುಟ್ಟಿದ್ದೀರಾ!"

ಅವನು ಎದ್ದು ಕೂತ. ಎದುರಿಗೆ ಮೊರ ಹಿಡಿದು, ಸೆರಗು ಬಿಗಿದಂತೆ ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತವಳನ್ನು ಒಮ್ಮೆ ನೋಡಿದ. ಶೂ ಬಿಚ್ಚಿದ. ಶೂ ಒಂದು ಕೈಯಲ್ಲಿ, ಸೈಕಲ್ ಹೆಗಲ ಮೇಲೆ, ಬರಿಗಾಲಲ್ಲಿ ಕಣ ದಾಟಿದವನು ಅಂಚಿಗೆ ಹೋಗಿ ತಿರುಗಿದ.

"ಗೊತ್ತಿರ್ಲಿಲ್ಲ. ತಪ್ಪಾಯ್ತು," ಎಂದು ಕೈ ಮುಗಿದ. ರಾಶಿಗೆ! ಅವಳಿಗಲ್ಲ!

ಮೂಲೆಯಲ್ಲಿ ಕಾಳು ಕೇರುತ್ತಿದ್ದ ಅವ್ವ ಗಂಗಾಮಣಿ ಫಕ್ಕನೆ ನಕ್ಕರು. ಹೇಮಶ್ರೀಗೆ ಮೈಯೆಲ್ಲ ಉರಿಯಿತು.

*ಎಷ್ಟು ಕೊಬ್ಬು ಇವನಿಗೆ...!*

ಆದರೆ ಅವಳ ಕಣ್ಣು ಅಷ್ಟರಲ್ಲಿ ಅವನ ಸೈಕಲ್ಲಿನ ಮೇಲೆ ಬಿದ್ದಿತ್ತು. ಚೈನು ಕಳಚಿ ಜೋತಾಡುತ್ತಿತ್ತು. ಸೈಕಲ್ ಕಂಡರೆ ಸುಮ್ಮನಿರುವ ಹೆಣ್ಣಲ್ಲ ಅವಳು. ಹತ್ತಿರ ಹೋಗಿ, ಚಕ್ರ ಎತ್ತಿ, ಎರಡೇ ಬೆರಳಲ್ಲಿ ಚೈನು ಕೂರಿಸಿ ಪೆಡಲ್ ತಿರುಗಿಸಿಬಿಟ್ಟಳು.

ಅವನ ಮುಖ ಅರಳಿತು. "ಅಂದ್ರೆ ನೀವೇ! ಹೈಸ್ಕೂಲಿನ ಪಿ.ಟಿ. ಮೇಡಂ. ಹೆಂಗಸರಿಗೆ ಗೇರ್ ಸೈಕಲ್ ಕಲಿಸೋರು. ನಾನು ಪ್ರಜ್ವಲ್, ಹೆಗ್ಗದ್ದೆ ಕಡೆಯವನು. ಬೆಳಗ್ಗಿಂದ ನಿಮ್ಮನ್ನೇ ಹುಡುಕ್ತಿದ್ದೀನಿ ಮಾರಾಯ್ರೆ!"

ಹುಡುಕಿಕೊಂಡು ಬಂದದ್ದೇನೋ ಸರಿ. ಹೀಗೆ ಕಾಲಬುಡಕ್ಕೇ ಬಂದು ಬೀಳಬೇಕಿತ್ತೇ?

*

ಹೇಮಶ್ರೀಯ ಕನಸು ಊರಿಗೆಲ್ಲ ಗೊತ್ತಿತ್ತು.

ರಾಜ್ಯ ಮಟ್ಟದಲ್ಲಿ ಸೈಕಲ್ ಓಡಿಸಿ ಪದಕ ತಂದವಳು. ಮೇಷ್ಟ್ರು ಕೆಲಸ ಸಿಕ್ಕ ಮೇಲೂ ಹ್ಯಾಂಡಲ್ ಬಿಟ್ಟವಳಲ್ಲ. ಸಂಜೆ ಶಾಲೆಯ ಮೈದಾನದಲ್ಲಿ ಹೆಂಗಸರಿಗೆ ಸೈಕಲ್ ಕಲಿಸತೊಡಗಿದಳು. ಮೊದಲು ಬಂದವಳು ಆಲೂರಿನ ಗೆಳತಿ ಹಾಜಿರಾ. ಟೈಲರಿಂಗ್ ಅಂಗಡಿ ಇಟ್ಟವಳು, ಚೈನಿಗೆ ಸಿಗದ ಹಾಗೆ ಕಾಲ ಬಳಿ ಬಿಗಿಯಾದ ಪೈಜಾಮ ಎಲ್ಲರಿಗೂ ಹೊಲಿದುಕೊಟ್ಟಳು. ಆಮೇಲೆ ಆಶಾ ಕಾರ್ಯಕರ್ತೆ ಬಂದಳು, ಅಂಗನವಾಡಿ ಟೀಚರ್ ಬಂದಳು, ಕೊನೆಗೆ ಗಂಗಾಮಣಿಯೇ ಬಂದರು!

"ಎತ್ತಿನ ಗಾಡಿ ಹೊಡ್ದೋಳಿಗೆ ಇದ್ಯಾವ ಲೆಕ್ಕ ಕಣೇ," ಎಂದು ಹತ್ತಿದವರು ಮೂರು ಸಲ ಬಿದ್ದು, ನಾಲ್ಕನೇ ಸಲ ಮೈದಾನ ಸುತ್ತಿ ಬಂದಿದ್ದರು.

ಈ ಹೆಂಗಸರನ್ನೆಲ್ಲ ಕಟ್ಟಿಕೊಂಡು ಮೂರು ಸೀಮೆಯ ಸೈಕಲ್ ದಾರಿಗಳನ್ನು ಒಂದೇ ಸವಾರಿಯಾಗಿ ಹೆಣೆಯಬೇಕು, ಇದು ಅವಳ ಹಟ. ಮೊದಲನೆಯದು ಪಾಳ್ಯದ ಕೆರೆ ಏರಿ, ಗದ್ದೆ ಬದು, ನೀಲಗಿರಿ ತೋಪು. ಎರಡನೆಯದು ಸಕಲೇಶಪುರದಾಚೆಯ ಕಾಫಿ ಎಸ್ಟೇಟುಗಳ ಮಣ್ಣುರಸ್ತೆ. ಮೂರನೆಯದು ಹೆಗ್ಗದ್ದೆಯ ಘಾಟಿಯಂಚು. ಎರಡು ದಿನದ ಪಯಣ, ನಡುವೆ ಸಕಲೇಶಪುರದಲ್ಲಿ ತಂಗುವುದು.

"ಹೊರಗಿನೋರು ಬಂದು ನಮ್ ಗುಡ್ಡ ಹತ್ತಿ ಫೋಟೋ ಹಾಕ್ತಾರೆ. ನಮ್ ಗುಡ್ಡಾನ ನಾವು ಯಾವಾಗ ಹತ್ತೋದು?" ಎನ್ನುವಾಗ ಅವಳ ಕುತ್ತಿಗೆಯ ನರ ಉಬ್ಬುತ್ತಿತ್ತು.

ತೊಡಕು ಒಂದೇ. ಎರಡನೆಯ ಸೀಮೆಯಿಂದ ಮೂರನೆಯದಕ್ಕೆ ದಾಟಲು ಒಂದು ತೋಟದೊಳಗೆ ಹಾದು ಹೋಗಬೇಕು. ಅದು ತಪ್ಪಿದರೆ ಹೆದ್ದಾರಿಯೇ ಗತಿ. ನಿನ್ನೆ ಮೊನ್ನೆ ಪೆಡಲ್ ತುಳಿದ ಹೆಂಗಸರನ್ನು ಘಾಟಿ ಇಳಿಯುವ ಲಾರಿ, ಟ್ಯಾಂಕರುಗಳ ಮಧ್ಯೆ ಬಿಡಲು ಅವಳಿಗೆ ಧೈರ್ಯವಿರಲಿಲ್ಲ. ಆ ತೋಟ ಪ್ರಜ್ವಲನ ತಾಯಿ ಜಗದಾಂಬರದು!

"ನಮ್ಮ ತೋಟದೊಳಗೆ ನಾನೇ ದಾರಿ ಮಾಡಿಕೊಡ್ತೀನಿ. ನನ್ನನ್ನೂ ಸೇರಿಸ್ಕೊಳ್ಳಿ, ಅಷ್ಟೇ," ಎಂದಿದ್ದ ಅವನು. ಅದನ್ನು ಹೇಳಲೆಂದೇ ಅಂದು ಪಾಳ್ಯಕ್ಕೆ ಬಂದು ಬಿದ್ದದ್ದು.

ಅಲ್ಲಿಂದ ಪ್ರತಿ ಭಾನುವಾರವೂ ಇಬ್ಬರೂ ದಾರಿ ನೋಡುವುದೇ ಕೆಲಸ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅವನು ನಕ್ಷೆ ಬರೆಯುವುದು, ಅವಳು ಅಳಿಸುವುದು.

"ಎಡಕುಮೇರಿಗೂ ಒಂದು ಗೆರೆ ಎಳೆಯೋಣ ರೀ. ಸ್ಟೇಷನ್ನು ಎಷ್ಟು ಚೆಂದ ಗೊತ್ತಾ?"

"ಅದು ರೈಲಿನ ದಾರಿ, ಸೈಕಲ್ಲಿಂದಲ್ಲ. ಹಳಿ ಮೇಲೆ ಹೋಗೋಕೆ ಬಿಡ್ತಾರಾ? ಸುತ್ತ ಕಾಡು ಬೇರೆ. ಅಳಿಸಿ!"

ಅವನು ಅಳಿಸುತ್ತಿದ್ದ. ಅಳಿಸುವಾಗ ಅವಳ ಮುಖ ನೋಡುತ್ತಿದ್ದ. ಅವಳು ನೋಡದ ಹಾಗೆ ನೋಡುತ್ತಿದ್ದಳು...

ಏರಿನಲ್ಲಿ ಅವಳ ಮುಂದೆ ಯಾರೂ ಇಲ್ಲ. ಇಳಿಜಾರಿನಲ್ಲಿ ಅವನ ಮುಂದೆ ಯಾರೂ ಇಲ್ಲ. "ಚಕ್ರ ನೋಡ್ಬೇಡಿ, ಹೋಗೋ ಕಡೆ ನೋಡಿ," ಎಂದು ಅವನು ಕಲಿಸಿದ. ಹಾಗೆ ನೋಡಿದಾಗಲೆಲ್ಲ ಮುಂದೆ ಅವನ ಬೆನ್ನೇ ಕಾಣುತ್ತಿತ್ತು. ಅದಕ್ಕೆ ಅವಳೇನು ಮಾಡಿಯಾಳು?

"ಏನೇ, ದಾರಿ ನೋಡೋಕೆ ಹೋಗ್ತೀಯೋ, ದಾರಿ ತಪ್ಪೋಕೆ ಹೋಗ್ತೀಯೋ?" ಎಂದು ಹಾಜಿರಾ ಕಿಚಾಯಿಸಿದರೆ, "ಸುಮ್ನಿರೇ!" ಎನ್ನುತ್ತಿದ್ದಳು. ಕೆನ್ನೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಒಮ್ಮೆ ತೋಟಕ್ಕೂ ಹೋದಳು. ಜಗದಾಂಬ ಗಂಡ ತೀರಿದ ಮೇಲೆ ಒಬ್ಬರೇ ಜೀಪು ಓಡಿಸಿಕೊಂಡು ತೋಟ ಆಳಿದ ಹೆಂಗಸು. ಮಾತು ಕಡಿಮೆ. ಮಾತಾಡಿದರೆ ಅದು ಕತ್ತಿ.

"ಎಲ್ಲಾ ಹೆಂಗಸರೇ? ಈ ಗುಡ್ಡದ ಮೇಲಾ? ಸೈಕಲ್ಲಲ್ಲಾ?" ಎಂದು ಹುಬ್ಬೇರಿಸಿದರು. ಆಮೇಲೆ, "ಹೋಗಿ. ಗಿಡ ಮುರೀಬೇಡಿ," ಎಂದು ಎದ್ದುಬಿಟ್ಟರು.

ಆ ಹುಬ್ಬು ಹೇಮಶ್ರೀಯ ಮನಸ್ಸಿನಲ್ಲಿ ಉಳಿದುಹೋಯಿತು. ಆದರೂ ಅಂದೇ ತೋಟದ ದಾರಿಯುದ್ದಕ್ಕೂ ಮರಗಳಿಗೆ ಗುರುತಿನ ಹಳದಿ ಪಟ್ಟಿ ಕಟ್ಟಿ ಬಂದಳು. ಹಾಜಿರಾಳ ಅಂಗಡಿಯ ತುಂಡು ಬಟ್ಟೆಯವು.

*

ಮಾರ್ಚ್ ತಿಂಗಳ ಒಂದು ಮಂಗಳವಾರ ಗುಡುಗಿ ಮಳೆ ಬಂತು. ವರ್ಷದ ಮೊದಲ ಮಳೆ.

ಆ ವಾರಾಂತ್ಯದಲ್ಲಿ ಪ್ರಜ್ವಲ್ ಪಾಳ್ಯಕ್ಕೆ ಬಂದ. ಸವಾರಿಗೆ ಇನ್ನು ಒಂದೇ ವಾರ. ಹೆಂಗಸರು ಮೈದಾನದಲ್ಲಿ ಕೊನೆಯ ತಾಲೀಮು ಮಾಡುತ್ತಿದ್ದರು.

"ಹೇಮಶ್ರೀ... ಮುಂದಿನ ಭಾನುವಾರ ತೋಟದೊಳಗೆ ಆಗಲ್ಲ ಕಣ್ರೀ."

ಅವಳು ಅವನತ್ತ ತಿರುಗಿದಳು. "ಯಾಕೆ?"

"ಮಳೆ ಬಿತ್ತಲ್ಲ!" ಎಂದ ಅವನು, ಅಷ್ಟಕ್ಕೇ ಎಲ್ಲ ಹೇಳಿ ಮುಗಿಸಿದವನಂತೆ.

"ಮಳೆ ಬಿದ್ದಿದ್ದು ಮಂಗಳವಾರ. ನೆಲ ಆಗ್ಲೇ ಒಣಗೈತೆ. ಇನ್ನೊಂದು ವಾರಕ್ಕೆ ಚಕ್ರಕ್ಕೆ ಹೇಳಿ ಮಾಡಿಸಿದ ಹಾಗೆ ಇರುತ್ತೆ."

"ಅಯ್ಯೋ, ನೆಲದ ಮಾತಲ್ಲ. ಮಳೆ ಬಿದ್ದ ಮೇಲೆ ಅಮ್ಮ ಯಾರನ್ನೂ ಬಿಡಲ್ಲ. ಒಂದು ವಾರ ಮುಂದಕ್ಕೆ ಹಾಕಿದ್ರೆ..."

*ಅಮ್ಮ ಬಿಡಲ್ಲ!* ಹೇಮಶ್ರೀಗೆ ಆ ಮೇಲೇರಿದ ಹುಬ್ಬು ನೆನಪಾಯಿತು. ಓಹೋ, ಇದು ಮಳೆಯ ಮಾತಲ್ಲ. ರಾಗಿ ಬೆಳೆಯುವವರ ಮನೆಯ ಹೆಂಗಸರು ತಮ್ಮ ತೋಟದೊಳಗೆ ಸೈಕಲ್ ತುಳಿಯುವುದು ಆ ಎಸ್ಟೇಟಿನ ಅಮ್ಮನಿಗೆ ಬೇಡ. ಅದನ್ನು ಬಾಯಿಬಿಟ್ಟು ಹೇಳಲು ಮಗನಿಗೆ ಧೈರ್ಯವಿಲ್ಲ!

"ಅಂಗನವಾಡಿಗೆ ರಜೆ ಹಾಕಿದ್ದಾಗಿದೆ. ಹಾಜಿರಾ ಅಂಗಡಿ ಮುಚ್ಚಿ ಬರ್ತಿದ್ದಾಳೆ. ನಮ್ಮವ್ವ ಊರಿಗೆಲ್ಲ ಹೇಳ್ಕೊಂಡು ಬಂದವ್ರೆ," ಎಂದಳು. "ದಿನ ಬದಲಾಗಲ್ಲ. ನಿಮ್ಮ ತೋಟ ನಿಮಗೇ ಇರಲಿ ಪ್ರಜ್ವಲ್. ನಮ್ಮ ದಾರಿ ನಾವು ನೋಡ್ಕೊತೀವಿ."

"ನಾನು ಹೇಳೋದು ಪೂರ್ತಿ ಕೇಳಿ..."

"ಕೇಳಿದ್ದು ಸಾಕು!"

ಅವನ ಮುಖ ಸಣ್ಣದಾಯಿತು. ಇನ್ನೇನೋ ಹೇಳಹೊರಟು, ಅವಳು ಬೆನ್ನು ತಿರುಗಿಸಿದ್ದನ್ನು ಕಂಡು ಸುಮ್ಮನೆ ಸೈಕಲ್ ಹತ್ತಿ ಹೊರಟ. ಅಂದಿನಿಂದ ಅವನ ಫೋನನ್ನೂ ಅವಳು ಎತ್ತಲಿಲ್ಲ.

ಅತ್ತಳೇ? ಅತ್ತಳು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಹೊರಗೆ ಬಂದು, ಹೆದ್ದಾರಿ ಬಿಟ್ಟು ಬೇರೆ ದಾರಿ ಉಂಟೇ ಎಂದು ನಕ್ಷೆ ಹರಡಿಕೊಂಡಳು. ಎಷ್ಟು ನೋಡಿದರೂ ದಾರಿ ಇರಲಿಲ್ಲ. ಇವರನ್ನೆಲ್ಲ ಕರೆದು, ಆಸೆ ಹುಟ್ಟಿಸಿ, ಈಗ ಅರ್ಧ ದಾರಿಯಲ್ಲಿ ನಿಲ್ಲಿಸಬೇಕೇ? ಅದಕ್ಕಿಂತ ಆಳದಲ್ಲಿ ಇನ್ನೊಂದು ನೋವಿತ್ತು. *ಅವನೂ ಇಷ್ಟೇನಾ...?*

*

ಬುಧವಾರ ರಜೆ ಹಾಕಿ, ಸಕಲೇಶಪುರದ ತನಕ ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಹೊರಟಳು. ತಾನು ಕಟ್ಟಿದ ಹಳದಿ ಪಟ್ಟಿಗಳನ್ನು ತಾನೇ ಬಿಚ್ಚಿ ತರಬೇಕು. ಅವರ ಮರದ ಮೇಲೆ ತನ್ನ ಒಂದು ಚೂರು ಬಟ್ಟೆಯೂ ಉಳಿಯಬಾರದು!

ಕೊನೆಯ ತಿರುವು ದಾಟಿದವಳ ಕಾಲು ಪೆಡಲ್ ಮೇಲೆ ನಿಂತುಹೋಯಿತು.

ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿತ್ತು! ಒಂದೊಂದು ರೆಂಬೆಯ ಮೇಲೂ ಎಲೆ ಕಾಣದಷ್ಟು ಕಾಫಿ ಹೂವು. ಮಲ್ಲಿಗೆಯಂಥ ಘಮ. ಇಡೀ ತೋಟವೇ ಜೇನ್ನೊಣದ ದನಿಯಲ್ಲಿ ಗುಂಯ್‌ಗುಡುತ್ತಿತ್ತು. ಆದರೆ ಒಳಗೆ ಒಬ್ಬ ಆಳಿಲ್ಲ. ತೋಟದಾಳುಗಳ ಲೈನಿನ ಮನೆಗಳ ಹೆಂಗಸರು ನೀರಿನ ಕೊಡ ಹೊತ್ತು, ತೋಟದೊಳಗಿನ ಹತ್ತಿರದ ದಾರಿ ಬಿಟ್ಟು, ಬೇಲಿಯ ಹೊರಗೆ ಸುತ್ತಿ ಬರುತ್ತಿದ್ದರು. ಯಾರೂ ಒಳಗೆ ಬರಬೇಡಿ ಎನ್ನುವಂತೆ ಗೇಟಿಗೆ ಹಸಿರು ಸೊಪ್ಪಿನ ಕಟ್ಟು ಕಟ್ಟಿತ್ತು.

ಅದರ ಹೊರಗೆ, ರಸ್ತೆಯಲ್ಲಿ, ಜೀಪಿಗೆ ಒರಗಿ ನಿಂತಿದ್ದರು ಜಗದಾಂಬ.

"ಒಳಗೆ ಹೋಗಬೇಕಿತ್ತಾ?" ಎಂದರು.

"ನನ್ನ ಪಟ್ಟಿ ಬಿಚ್ಕೊಂಡು ಹೋಗೋಕೆ ಬಂದೆ," ಎಂದಳು ಹೇಮಶ್ರೀ, ತಲೆಯೆತ್ತಿಯೇ.

"ಇವತ್ತು ಆಗಲ್ಲ ಮಾರಾಯ್ತಿ. ಹೂವಿನ ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಹೀಗೆ ಅರಳ್ತದೆ. ಉದುರೋ ತನಕ ಯಾರೂ ಒಳಗೆ ಕಾಲಿಡೋ ಹಾಗಿಲ್ಲ. ಕಾಯಿ ಕಚ್ಚೋ ಹೊತ್ತು ಅಲ್ವಾ? ಗಿಡ ಅಲುಗಿದ್ರೆ ವರ್ಷದ ಬೆಳೆ ಹೋಯ್ತು. ನಾನೇ ನಮ್ಮ ತೋಟದ ಹೊರಗೆ ನಿಂತಿದ್ದೀನಿ, ನೋಡು."

ಹೇಮಶ್ರೀಯ ಮನೆಯ ಬೇಲಿ ಬದಿಯಲ್ಲೂ ನಾಲ್ಕು ಕಾಫಿ ಗಿಡ ಇದ್ದವು. ಹೂ ಬಿಟ್ಟರೆ ಚೆಂದ ಅಂದುಕೊಂಡಿದ್ದಷ್ಟೇ.

"ಮಳೆ ಬಿತ್ತಲ್ಲ" ಅಂದಿದ್ದ ಅವನು. ಕಾಫಿಯವರಿಗೆ ಅಷ್ಟು ಸಾಕು, ಉಳಿದದ್ದು ಬಿಡಿಸಿ ಹೇಳಬೇಕಿಲ್ಲ. ರಾಗಿಯವಳಿಗೆ ಅದು ಹೇಗೆ ಗೊತ್ತಾಗಬೇಕು? ಕಣದಲ್ಲಿ ಶೂ ಹಾಕಿ ಬಿದ್ದಿದ್ದವನಿಗೆ ಗೊತ್ತಿರಲಿಲ್ಲ. ಇವಳಿಗೂ ಗೊತ್ತಿರಲಿಲ್ಲ. ಅವನು ಕೈ ಮುಗಿದು ತಪ್ಪಾಯ್ತು ಅಂದ. ತಾನು...? ಬೆನ್ನು ತಿರುಗಿಸಿದಳು!

"ಅಮ್ಮಾ... ನೀವು ಹೆಂಗಸರು ಸೈಕಲ್ ತುಳಿಯೋದು ಬೇಡ ಅಂದ್ರಿ ಅಂತ ತಿಳ್ಕೊಂಡ್ಬುಟ್ಟೆ."

"ನಾನಾ?" ಜಗದಾಂಬರ ಹುಬ್ಬು ಮತ್ತೆ ಮೇಲೇರಿತು. "ಈ ಗುಡ್ಡದಲ್ಲಿ ಮೊದಲು ಜೀಪು ಓಡಿಸಿದ ಹೆಂಗಸು ನಾನು. ಸೈಕಲ್ಲೂ ಉಂಟಾ ಅಂತ ಖುಷಿಯಾಗಿ ಕೇಳಿದ್ದು ಕಣೇ. ಮುಖ ಇರೋದೇ ಹೀಗೆ, ಏನು ಮಾಡ್ಲಿ!"

ಹೇಮಶ್ರೀ ಸೈಕಲ್ಲಿನಿಂದ ಇಳಿದಳು.

"ಅವನು... ಎಲ್ಲಿ?"

ಜಗದಾಂಬ ಗದ್ದ ಎತ್ತಿ ಮೇಲೆ ತೋರಿಸಿದರು. ತೋಟದ ಬೇಲಿಯಾಚೆ, ಕಾಫಿ ಇಲ್ಲದ ಬರೀ ಹುಲ್ಲು, ಲಂಟಾನ ಪೊದೆಯ ಹಕ್ಕಲು ಜಮೀನು. "ಅದೂ ನಮ್ಮದೇ. ಸೋಮವಾರದಿಂದ ಅಲ್ಲೇ ಇದ್ದಾನೆ. ಆ ಹುಡುಗಿ ದಿನ ಬದಲಿಸಲ್ಲ, ನಾನು ದಾರಿ ಬದಲಿಸ್ತೀನಿ ಅಂತ."

*

ಅವನು ಪೊದೆಯೊಳಗೆ ಸೊಂಟ ಮಟ್ಟ ಮುಳುಗಿ ಕತ್ತಿ ಬೀಸುತ್ತಿದ್ದ. ಕೈತುಂಬ ಮುಳ್ಳಿನ ಗೀರು. ಅವಳನ್ನು ಕಂಡು ಕತ್ತಿ ಕೆಳಗಿಟ್ಟ.

"ಬಿಡಿಸಿ ಹೇಳೋಕೆ ಏನಾಗಿತ್ತು ನಿಂಗೆ?" ಎಂದಳು. ಎಂದೂ ಇಲ್ಲದ ಏಕವಚನ ಬಾಯಿಗೆ ಬಂದಿದ್ದು ಅವಳಿಗೇ ತಿಳಿಯಲಿಲ್ಲ.

"ಹೇಳಿದ್ನಲ್ಲ! ಮಳೆ ಬಿತ್ತು ಅಂತ..."

"ಮಳೆ ಬಿದ್ರೆ ನಾವು ಉಳೋಕೆ ಹೋಗ್ತೀವಿ ಮಾರಾಯ! ಹೂವು ಅನ್ನೋ ಒಂದು ಮಾತು ಹೇಳಿದ್ರೆ ನಾಲಗೆ ಸವೀತಿತ್ತಾ?"

"ನೀನು ಹೇಳೋಕೆ ಬಿಟ್ಟಿದ್ರೆ ತಾನೆ!"

ಕೆಳಗಿನಿಂದ ಹೂವಿನ ಘಮ ಏರಿ ಬರುತ್ತಿತ್ತು.

"ತಪ್ಪಾಯ್ತು," ಎಂದಳು ಹೇಮಶ್ರೀ. ಯಾರಿಗೂ ಸುಲಭಕ್ಕೆ ತಲೆ ಬಾಗದವಳು. ಹೇಳುವಾಗ ಕಣ್ಣು ತುಂಬಿತು. "ನಿನ್ನ ಬಗ್ಗೆ ಕೆಟ್ಟದಾಗಿ ಯೋಚನೆ ಮಾಡಿದೆ. ಅದೇ ಹೆಚ್ಚು ನೋವು."

"ನೀನು ದಿನ ಬದಲಾಗಲ್ಲ ಅಂದೆಯಲ್ಲ..." ಅವನು ಅವಳ ಕಣ್ಣನ್ನೇ ನೋಡಿದ. "ಆಗ ಸಿಟ್ಟು ಬಂತು. ಮನೆ ಮುಟ್ಟೋಷ್ಟರಲ್ಲಿ ಹೆಮ್ಮೆ ಆಯ್ತು. ಕೊಟ್ಟ ಮಾತಿಗೆ ಹೀಗೆ ನಿಲ್ಲೋಳ ಜೊತೆ ನಾನು ನಿಲ್ಲದೆ ಹೋದ್ರೆ ನಾನೆಂಥ ಗಂಡಸು?"

ಅವಳ ಎದೆ ಉಕ್ಕಿ ಬಂತು. ಆದರೆ ಪಿ.ಟಿ. ಮೇಡಂ ಅಲ್ಲವೇ... ಕಣ್ಣೊರೆಸಿಕೊಂಡು ಅವನು ಕಡಿದ ದಾರಿಯನ್ನೊಮ್ಮೆ ನೋಡಿದಳು. ಬುಡದಿಂದ ನೆತ್ತಿಗೆ ನೆಟ್ಟಗೆ ಏಣಿ ಇಟ್ಟ ಹಾಗಿತ್ತು!

"ಇದೇನು ಇದು? ಇಲ್ಲಿ ಆಡೂ ಹತ್ತಲ್ಲ. ನಮ್ಮವ್ವ ಹತ್ತುತ್ತಾರಾ?"

"ಇಳಿಯೋಕೆ ಚೆನ್ನಾಗಿದೆ..."

"ಮೊದ್ಲು ಹತ್ತಬೇಕಲ್ಲಪ್ಪ ಇಳಿಜಾರಿನ ರಾಜ! ಕೊಡು ಇಲ್ಲಿ."

ಅವನ ಕೈಯ ಕತ್ತಿ ಕಿತ್ತುಕೊಂಡು, ಗುಡ್ಡದ ಮೈಯನ್ನು ಅಡ್ಡಡ್ಡ ನಡೆಯುತ್ತ, ತಿರುವು ಬರಬೇಕಾದಲ್ಲೆಲ್ಲ ಒಂದೊಂದು ಗೂಟ ಹೊಡೆದಳು. ಅಲ್ಲಿ ಬಳಸಬೇಕು, ಇಲ್ಲಿ ಉಸಿರು ತೆಗೆದುಕೊಳ್ಳಲು ಸಮತಟ್ಟು ಬೇಕು, ಮತ್ತೆ ಬಳಸಬೇಕು. ಪ್ರಜ್ವಲ್ ಹಿಂದೆ ಹಿಂದೆ ಗೂಟ ಹೊತ್ತು ಬಂದ, ಬಾಯಿ ಬಿಟ್ಟುಕೊಂಡು.

ಮರುದಿನ ಪಾಳ್ಯದಿಂದ ಒಂದು ಟೆಂಪೋ ಬಂತು. ಹಾಜಿರಾ, ಗಂಗಾಮಣಿ, ಎಲ್ಲರೂ ಗುದ್ದಲಿ, ಹಾರೆ, ಕುಡುಗೋಲು ಹಿಡಿದು ಇಳಿದರು. ಹೂವಿನ ದಿನ ತೋಟದಲ್ಲಿ ಕೆಲಸವಿಲ್ಲದ ಲೈನಿನವರನ್ನೂ ಜಗದಾಂಬ ಮೇಲೆ ಕಳಿಸಿದರು.

"ನಮ್ ದಾರಿ ನಾವೇ ಮಾಡ್ಕೊಂಡು ಹೋಗ್ತೀವಿ ಅಂದ್ಯಂತಲ್ಲ ಮಗಳೇ," ಎಂದು ಗಂಗಾಮಣಿ ಗುದ್ದಲಿ ಎತ್ತಿದರು. "ಮಾಡೋಣ ನಡಿ!"

ಶುಕ್ರವಾರ ಸಂಜೆಗೆ ದಾರಿ ನೆತ್ತಿ ಮುಟ್ಟಿತು.

*

ಭಾನುವಾರ.

ಹಿಂದಿನ ದಿನ ಪಾಳ್ಯದ ಕೆರೆ ಏರಿಯಿಂದ ಹೊರಟ ಹೆಂಗಸರ ಸಾಲು ಹಕ್ಕಲಿನ ಬಳಸು ದಾರಿಯಲ್ಲಿ ಏರತೊಡಗಿತು. ಎಡಕ್ಕೆ ಬೇಲಿ, ಬೇಲಿಯೊಳಗೆ ಕಣ್ಣು ಹಾಯುವ ತನಕ ಬಿಳಿ ಹೂವು, ಅದರ ನೆತ್ತಿಯ ಮೇಲೆ ಇವರು. ಮೂರನೇ ತಿರುವಿನಲ್ಲಿ ಅಂಗನವಾಡಿ ಟೀಚರ್ ಕಾಲು ಊರಿದಳು. ಹಿಂದಿನಿಂದ ಹಾಜಿರಾ ಕೂಗಿದಳು, "ಹೊಲಿಗೆ ಬಿಟ್ಟೋಗಲ್ಲ, ನಾನೇ ಹೊಲಿದಿರೋದು. ತುಳಿಯೇ!" ನಗುತ್ತ ಮತ್ತೆ ತುಳಿದಳು.

ಒಬ್ಬರೂ ಹಿಂದೆ ಉಳಿಯಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಹೆಗ್ಗದ್ದೆಯ ಘಾಟಿಯಂಚಿನಲ್ಲಿ, ಕೆಳಗೆ ಹಸಿರೋ ಹಸಿರು ಬಿದ್ದಿರುವಲ್ಲಿ, ಸಾಲಾಗಿ ಸೈಕಲ್ ನಿಂತವು. ಮೂರು ಸೀಮೆ ಒಂದಾಗಿತ್ತು. ಹೇಮಶ್ರೀ ಒಬ್ಬೊಬ್ಬರ ಮುಖ ನೋಡಿದಳು. ಬೆವರು, ಕೆಮ್ಮಣ್ಣು, ಮತ್ತೆ ಎಂಥ ನಗು!

ಜಗದಾಂಬ ಜೀಪಿನಲ್ಲಿ ಮಜ್ಜಿಗೆ ತಂದಿದ್ದರು. ಗಂಗಾಮಣಿ ಲೋಟ ಹಿಡಿದು ಅವರೆದುರು ಎದೆಯುಬ್ಬಿಸಿ ನಿಂತರು.

"ನನ್ ಮಗಳು ಹಾಕಿದ ದಾರಿ ಕಣ್ರವ್ವಾ ಅದು!"

"ನನ್ನ ಮಗ ಕಡಿದದ್ದು," ಎಂದರು ಜಗದಾಂಬ, ಬಿಟ್ಟುಕೊಡದೆ.

"ಕಡಿಯೋಕೇನು, ಯಾರು ಬೇಕಾದ್ರೂ ಕಡೀತಾರೆ. ಹಾಕೋದು ಗೊತ್ತಿರ್ಬೇಕು!"

"ಅದಕ್ಕೇ ಹೇಳ್ತಿರೋದು. ಗೊತ್ತಿರೋಳು ನಮ್ಮಲ್ಲಿಗೆ ಬಂದ್ರೆ ಒಳ್ಳೇದು," ಎಂದುಬಿಟ್ಟರು ಜಗದಾಂಬ! ಆ ಮುಖದ ಮೇಲೆ ನಗು ಕಂಡದ್ದು ಅಂದೇ ಮೊದಲು. ಹಾಜಿರಾ ಮಜ್ಜಿಗೆ ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದಳು.

ಹೇಮಶ್ರೀ ಕೆಂಪಾಗಿ, ಸೈಕಲ್ ತಳ್ಳಿಕೊಂಡು ಅಂಚಿನ ಕಡೆ ನಡೆದಳು. ಹಿಂದೆಯೇ ಪ್ರಜ್ವಲ್ ಬಂದ.

"ಹೇಮಾ... ಲಂಟಾನ ಒಂದು ಮಳೆಗಾಲ ಬಿಟ್ರೆ ಸಾಕು, ದಾರಿ ಮುಚ್ಚಿ ಹಾಕ್ಬುಡ್ತದೆ."

"ಗೊತ್ತು."

"ವರ್ಷಾವರ್ಷ ಸವರ್ಬೇಕು."

"ಗೊತ್ತು ಕಣೋ."

"ಸವರೋಕೆ... ವರ್ಷಕ್ಕೊಂದು ಸಲ ಬರ್ತೀಯಾ?"

ಅವಳು ತಿರುಗಿದಳು. ಮುಳ್ಳು ಗೀರಿದ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ.

"ಬಂದು ಹೋಗೋಳನ್ನ ಕೇಳೋ ಹಾಗೆ ಕೇಳ್ತೀಯಲ್ಲೋ," ಎಂದಳು. "ಇರೋಕೆ ಬರೋಳನ್ನ ಕೇಳೋ ಹಾಗೆ ಕೇಳು."

ಅವನು ಕೇಳಿದ.

"ಹ್ಞೂಂ," ಎಂದಳು ಹೇಮಶ್ರೀ, ತಲೆಯೆತ್ತಿ. "ಆದ್ರೆ ಮುಂದಿನ ವರ್ಷದ ಸವಾರಿಗೂ ಮುಂದೆ ಹೋಗೋಳು ನಾನೇ."

"ನೀನೇ," ಎಂದ ಅವನು. "ನಾನು ಹಿಂದೆ ಇರ್ತೀನಿ, ನನ್ನ ಹೆಂಡತಿ ಅವಳು ಅಂತ ಎಲ್ಲರಿಗೂ ಹೇಳ್ಕೊಂಡು."